ಐದು ಅಡಿ ಒಂಬತ್ತು ಅಂಗುಲದ ಕರಡಪ್ಪ

ಕರಡಪ್ಪನಿಗೆ ಈ ಪ್ರಪಂಚದ ಮೇಲಿದ್ದ ದೂರು ಒಂದೇ. ಗೋಡೆಗೆ ಹೊಡೆಯುವ ಮೊಳೆಗಳನ್ನೆಲ್ಲ ಎತ್ತರದವರೇ ಹೊಡೆದುಬಿಟ್ಟಿದ್ದಾರೆ ಎನ್ನುವುದು. ಅಂಗಿ ತಗುಲಿಹಾಕುವ ಮೊಳೆ, ಕ್ಯಾಲೆಂಡರಿನ ಮೊಳೆ, ಕನ್ನಡಿಯ ಮೊಳೆ, ಯಾವುದನ್ನು ನೋಡಿದರೂ ಅವನ ಕೈಗಿಂತ ನಾಲ್ಕು ಬೆರಳು ಮೇಲೆ. ಕ್ಷೌರಕ್ಕೆ ನಿಂತರೆ ಕನ್ನಡಿಯಲ್ಲಿ ಕಾಣುತ್ತಿದ್ದುದು ಹಣೆ ಮತ್ತು ಹುಬ್ಬು ಮಾತ್ರ. ಗಲ್ಲವನ್ನು ನೆನಪಿನಿಂದಲೇ ಬೋಳಿಸಿಕೊಳ್ಳಬೇಕು. (ನೆನಪು ಕೈಕೊಟ್ಟ ದಿನ ಗಲ್ಲಕ್ಕೆ ಹತ್ತಿ.) ಇದು ಬೇರೆಯವರ ಮನೆಯ ಕನ್ನಡಿಯಲ್ಲ, ಅವನದೇ ಮನೆಯದು. ಆ ಮನೆಯ ಮೊಳೆಗಳನ್ನು ಹೊಡೆದವಳು ಅವನ ಹೆಂಡತಿ. ಆಕೆಯ ಎತ್ತರ ಐದು ಅಡಿ ಒಂಬತ್ತು ಅಂಗುಲ. ಅವನದು ಐದು ಅಡಿ ಮೂರು. (ಹಾಗಂತ ಅವನು ನಂಬಿದ್ದ.)

ಕರಡಪ್ಪ ಎನ್ನುವುದು ಅವನ ಹುಟ್ಟುಹೆಸರಲ್ಲ. ಅವನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಪುಸ್ತಕ ಅಚ್ಚಾಗುವ ಮುಂಚೆ ಸಾಲು ಸಾಲನ್ನೂ ಓದಿ, ಬಿಟ್ಟುಹೋದ ದೀರ್ಘ, ತಪ್ಪಿದ ಒತ್ತು, ಕಾಣೆಯಾದ ಸೊನ್ನೆಗಳನ್ನು ಕೆಂಪು ಶಾಯಿಯಲ್ಲಿ ಹಿಡಿದುಹಾಕುವುದು ಅವನ ಕಾಯಕ. ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಟೀಚರು, ‘ನಿಮ್ಮಪ್ಪ ಏನು ಮಾಡ್ತಾರೆ?’ ಎಂದು ಕೇಳಿದ್ದಕ್ಕೆ ಆ ಮಗು ‘ಕರಡಿ ತಿದ್ದುತ್ತಾರೆ’ ಎಂದುಬಿಟ್ಟಿತ್ತು. ಆ ವರ್ಷವಿಡೀ ಶಾಲೆಯ ಗೇಟಿನ ಹತ್ತಿರ ಅವನು ಕಂಡರೆ ಸಾಕು, ಮಕ್ಕಳು ಭಯಭಕ್ತಿಯಿಂದ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಅವನ ಜೀವಮಾನದಲ್ಲಿ ಯಾರಾದರೂ ಅವನಿಗೆ ಭಯಭಕ್ತಿಯಿಂದ ದಾರಿ ಬಿಟ್ಟದ್ದು ಆ ಒಂದು ವರ್ಷ ಮಾತ್ರ. ಕರಡು, ಕರಡಿ ಎರಡೂ ಸೇರಿ ಅಂದಿನಿಂದ ಅವನು ಕರಡಪ್ಪನಾದ. ಆ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಅವಳೂ ಅವನಿಗಿಂತ ಎರಡು ಅಂಗುಲ ಮೇಲೆ.

ಹೆಂಡತಿಯನ್ನು ಬೀದಿಯವರೆಲ್ಲ ಉದ್ದಕ್ಕ ಎನ್ನುತ್ತಿದ್ದರು. ಚಕ್ರವಿರುವ ಯಾವುದನ್ನು ಕೊಟ್ಟರೂ ಓಡಿಸುವ ಹೆಂಗಸು. ಆರು ವರ್ಷ ಒಂದು ಲಾಂಡ್ರಿಯ ವ್ಯಾನು ಓಡಿಸಿ ಊರಿನ ಆಸ್ಪತ್ರೆಗಳಿಗೆಲ್ಲ ಒಗೆದ ಚಾದರ ಮುಟ್ಟಿಸಿದ್ದಳು. ಲಾಂಡ್ರಿ ಮುಚ್ಚಿತು. ಎಂಟು ತಿಂಗಳು ಮನೆಯಲ್ಲಿ ಕೂತಳು. ಉದ್ದಕ್ಕ ಮನೆಯಲ್ಲಿ ಕೂರುವುದೆಂದರೆ ಮನೆಯ ಉಳಿದವರು ನಿಲ್ಲಬೇಕು ಎಂದೇ ಅರ್ಥ. ಆ ಎಂಟು ತಿಂಗಳಲ್ಲಿ ಮನೆಯ ಪಾತ್ರೆ, ಕಪಾಟು, ಗಂಡ ಎಲ್ಲವೂ ಮೂರು ಮೂರು ಸಲ ಜಾಗ ಬದಲಾಯಿಸಿದ್ದವು. ಹೀಗಿರುವಾಗ ಒಂದು ಶಾಲೆಯವರು ತಮ್ಮ ಪುಟ್ಟ ಬಸ್ಸಿಗೆ ಚಾಲಕರು ಬೇಕೆಂದರು. ಇಪ್ಪತ್ತಮೂರು ಮಂದಿ ಓಡಿಸಿ ತೋರಿಸಿದರು. ಆಯ್ಕೆಯಾದವಳು ಉದ್ದಕ್ಕ. ಆ ಸುದ್ದಿ ಕೇಳಿ ಹೆಚ್ಚು ಸಂತೋಷಪಟ್ಟವರು ಯಾರೆಂದು ಹೇಳಬೇಕಾಗಿಲ್ಲ.

ಗುರುವಾರ ಸಂಜೆ ಆಕೆ ಶಾಲೆಗೆ ಕಾಗದಪತ್ರ ತೋರಿಸಲು ಹೋದವಳು ತಿರುಗಿ ಬಂದಾಗ, ಕರಡಪ್ಪ ಒಂದು ಕುರ್ಚಿಯ ಮೇಲೆ ಹತ್ತಿ ತನ್ನ ಟವೆಲನ್ನು ಮೊಳೆಯಿಂದ ಇಳಿಸುತ್ತಿದ್ದ.

“ರೀ, ಇಳೀರಿ ಕೆಳಗೆ. ನಾನು ನಾನಲ್ಲವಂತೆ!”

“ಏನಾಯ್ತೇ?”

“ಏನಾಯ್ತಾ? ಆ ಮ್ಯಾನೇಜರ್ ಮೇಡಂ ಕನ್ನಡಕ ಹಾಕ್ಕೊಂಡು ನನ್ನ ಲೈಸೆನ್ಸನ್ನ ಅಕ್ಷರ ಅಕ್ಷರ ಓದಿದ್ರು. ‘ಇದರಲ್ಲಿರೋರು ಐದು ಅಡಿ ಮೂರು ಇಂಚು. ನೀವು ಬಾಗಿಲಲ್ಲಿ ತಲೆ ತಗ್ಗಿಸಿಕೊಂಡು ಒಳಗೆ ಬಂದ್ರಿ. ಇವರಿಗೆ ಎಡ ಹುಬ್ಬಿನ ಮೇಲೆ ಗಾಯದ ಕಲೆ ಇದೆ. ನಿಮ್ಮ ಹುಬ್ಬು ನುಣ್ಣಗಿದೆ. ಹಾಗಾದ್ರೆ ಇವರು ಯಾರು?’ ಅಂದ್ರು. ನಾನೇನು ಹೇಳ್ಲಿ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ಕರಡಪ್ಪ ಕುರ್ಚಿಯ ಮೇಲೆ ನಿಂತಲ್ಲೇ ತನ್ನ ಎಡ ಹುಬ್ಬನ್ನು ಮುಟ್ಟಿಕೊಂಡ. ಅಲ್ಲಿ ಗಾಯದ ಕಲೆ ಇತ್ತು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಮುದ್ರಣಾಲಯದ ಮೇಲಿನ ಅಟ್ಟದಿಂದ ನಿಘಂಟು ತೆಗೆಯಲು ಹೋಗಿ, ನಿಘಂಟೇ ಅವನನ್ನು ತೆಗೆದುಕೊಂಡು ಕೆಳಗೆ ಬಂದದ್ದರ ಗುರುತು.

ಉದ್ದಕ್ಕ ಅದನ್ನು ನೋಡಿದಳು. ಒಳಗೆ ಹೋಗಿ ಅವನ ಪರ್ಸು ತಂದು, ಅದರಿಂದ ಅವನ ಲೈಸೆನ್ಸನ್ನು ಎಳೆದಳು. ಕಿಟಕಿಯ ಬೆಳಕಿಗೆ ಹಿಡಿದು ಓದಿದಳು.

“‘ಎತ್ತರ ಐದು ಅಡಿ ಒಂಬತ್ತು ಅಂಗುಲ. ಗುರುತು: ಬಲಗಿವಿಯ ಕೆಳಗೆ ಮಚ್ಚೆ.’ ರೀ! ನಿಮ್ಮದರಲ್ಲಿ ನಾನಿದ್ದೀನಿ, ನನ್ನದರಲ್ಲಿ ನೀವಿದ್ದೀರಿ!”

ಮೂಲೆಯಲ್ಲಿ ಓದುತ್ತಿದ್ದ ಮಗಳು ತಲೆಯೆತ್ತಿ, “ಅಯ್ಯೋ, ಎಷ್ಟು ರೊಮ್ಯಾಂಟಿಕ್ಕಾಗಿದೆ!” ಎಂದಳು. ಯಾರೂ ನಗಲಿಲ್ಲ.

“ಇಷ್ಟು ವರ್ಷ ಯಾರೂ ನೋಡ್ಲಿಲ್ವಾ ಅಮ್ಮ?”

“ಪೊಲೀಸಿನವರು ಫೋಟೋ ನೋಡ್ತಾರೆ. ನಾನು ರಸ್ತೆ ನೋಡ್ತೀನಿ. ಅಕ್ಷರ ನೋಡೋರು ಈ ಮನೆಯಲ್ಲಿ ಒಬ್ಬರಿದ್ದಾರೆ, ಊರಿನ ಕರಡೆಲ್ಲ ತಿದ್ದುತ್ತಾರೆ, ಸ್ವಂತ ಜೇಬಿನಲ್ಲಿರೋದು ಮಾತ್ರ ಕಾಣಿಸಲ್ಲ!”

ಕಾಣಿಸುತ್ತಿತ್ತು. ಅದೇ ಕರಡಪ್ಪನ ಹೊಟ್ಟೆಯೊಳಗಿದ್ದ ಕಲ್ಲು.

ಹದಿನೆಂಟು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಇಬ್ಬರೂ ಒಟ್ಟಿಗೆ ಹೋಗಿ ಲೈಸೆನ್ಸಿಗೆ ಅರ್ಜಿ ಹಾಕಿದ್ದರು. ಕರಡಪ್ಪನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದ್ದರಿಂದ ಎರಡೂ ಅರ್ಜಿಗಳನ್ನು ಅವನೇ ತುಂಬಿದ. ಆಗೆಲ್ಲ ಎತ್ತರ, ಗುರುತು ಇತ್ಯಾದಿಗಳನ್ನು ಬೇರೊಂದು ಚೀಟಿಯಲ್ಲಿ ಬರೆದು ಅರ್ಜಿಗೆ ಗುಂಡುಸೂಜಿಯಿಂದ ಚುಚ್ಚಿ ಕೊಡಬೇಕಿತ್ತು. ಎರಡು ಚೀಟಿಯಲ್ಲೂ ಅವನು ಸತ್ಯವನ್ನೇ ಬರೆದ. ಚುಚ್ಚುವ ಹೊತ್ತಿಗೆ, ಏನಾಯಿತೋ ಏನೋ, ‘ಐದು ಅಡಿ ಒಂಬತ್ತು’ ಎಂಬ ಚೀಟಿ ತನ್ನ ಹೆಸರಿನ ಮೇಲೆ ಬಂದು ಕುಳಿತದ್ದು ಕಂಡಿತು. ಎಷ್ಟು ಚೆನ್ನಾಗಿ ಒಪ್ಪಿತ್ತು! ಸಾಲಿನಲ್ಲಿ ಹಿಂದೆ ನಿಂತವನು ಹೆಗಲ ಮೇಲಿಂದ ಇಣುಕುತ್ತಿದ್ದ. ಕರಡಪ್ಪ ಕಣ್ಣುಮುಚ್ಚಿ ಗುಂಡುಸೂಜಿ ಒತ್ತಿಬಿಟ್ಟ. ತಾನು ಸುಳ್ಳು ಬರೆದಿಲ್ಲ, ಬರೆದ ಒಂದೊಂದು ಅಕ್ಷರವೂ ಸತ್ಯ, ಸುಳ್ಳು ಹೇಳಿದ್ದು ಗುಂಡುಸೂಜಿ ಮಾತ್ರ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಆಮೇಲೆ ಬಸ್ಸಿನಲ್ಲಿ ಹಿಡಿಕೆ ಎಟುಕದ ದಿನ, ಗುಂಪಿನಲ್ಲಿ ಯಾರೋ ಅವನ ತಲೆಯ ಮೇಲೆ ಮೊಣಕೈ ಊರಿ ನಿಂತ ದಿನ, ಪರ್ಸು ತೆರೆದು ಒಂದು ಸಲ ನೋಡಿಕೊಳ್ಳುತ್ತಿದ್ದ. ಸರ್ಕಾರವೇ ಮುದ್ರೆ ಒತ್ತಿ ಒಪ್ಪಿಕೊಂಡ ಎತ್ತರ! ಗುಟ್ಟಿನ ಕಾಗದವನ್ನು ಮಡಿಸಿದ ಹಾಗೆ ಮಡಿಸಿ ಒಳಗಿಡುತ್ತಿದ್ದ. ಉದ್ದಕ್ಕ ಮುಂದೆ ವ್ಯಾನಿನ ಪರೀಕ್ಷೆ, ಬಸ್ಸಿನ ಪರೀಕ್ಷೆ ಎಲ್ಲ ಪಾಸಾದರೂ ಪ್ರತಿ ಸಲವೂ ಹಳೆಯದನ್ನು ನೋಡಿ ಹೊಸದಕ್ಕೆ ನಕಲಿಳಿಸಿದ್ದರಿಂದ, ಆ ಐದು ಅಡಿ ಮೂರು ಆಕೆಯ ಬೆನ್ನು ಬಿಟ್ಟಿರಲಿಲ್ಲ.

“ಸೋಮವಾರ ಬೆಳಿಗ್ಗೆ ಏಳಕ್ಕೆ ಸರಿಯಾದ ಲೈಸೆನ್ಸ್ ತೋರಿಸಿದ್ರೆ ಬಸ್ಸಿನ ಕೀಲಿ ನನಗೆ,” ಎಂದಳು ಉದ್ದಕ್ಕ. “ಇಲ್ದಿದ್ರೆ ಪಟ್ಟಿಯಲ್ಲಿ ಎರಡನೆಯವರಿಗೆ. ಇವತ್ತು ಗುರುವಾರ.”

ಕರಡಪ್ಪ ಕುರ್ಚಿಯಿಂದ ಇಳಿದ. “ಒಂದು ಉಪಾಯ ಹೇಳ್ಲಾ? ಸೋಮವಾರ ನೀನು ಸ್ವಲ್ಪ ಮೊಣಕಾಲು ಬಗ್ಗಿಸಿ ನಿಂತ್ಕೊಂಡ್ರೆ...”

“ಆರು ಇಂಚು? ನಾನು ಬಸ್ಸು ಓಡಿಸೋಕೆ ಹೋಗ್ತಿದ್ದೀನಾ, ಕಪ್ಪೆ ವೇಷ ಹಾಕೋಕಾ? ಪೆನ್ನು ತಗೊಳ್ಳಿ. ದೂರು ಬರೀರಿ.”

ಹೀಗೆ ಕರಡಪ್ಪ ತನ್ನ ಮೇಲೆ ತಾನೇ ದೂರು ಬರೆಯಲು ಕುಳಿತ. ಉದ್ದಕ್ಕ ನಡುಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಮೂರೇ ಹೆಜ್ಜೆಯಲ್ಲಿ ಓಡಾಡುತ್ತ ಹೇಳಿದಳು.

“‘ತಮ್ಮ ಕಚೇರಿಯ ಯಾವನೋ ಒಬ್ಬ ತಲೆಕೆಟ್ಟವನು...’”

“ಅರ್ಜಿಯಲ್ಲಿ ತಲೆಕೆಟ್ಟವನು ಅಂತ ಬರೆಯೋ ಹಾಗಿಲ್ಲ ಕಣೇ. ಭಾಷೆ ಸೌಮ್ಯವಾಗಿರಬೇಕು.”

“ಹಾಗಾದ್ರೆ ಅವಿವೇಕಿ ಅಂತ ಹಾಕಿ.”

‘ಅವಿವೇಕಿ’ ಎಂದು ಬರೆದ. ಬೈಗುಳ ತನಗೇ ಆದರೂ ಕಾಗುಣಿತ ತಪ್ಪಬಾರದಲ್ಲ.

“‘ಗಂಡಹೆಂಡಿರನ್ನು ಅದಲುಬದಲು ಮಾಡಿ, ಒಬ್ಬ ಬಡ ಹೆಂಗಸಿನ ಕೈಗೆ ಬಂದ ಕೆಲಸ ಕೈತಪ್ಪುವ ಹಾಗೆ ಮಾಡಿದ ಈ ಬೇಜವಾಬ್ದಾರಿ, ಬೇವಾರ್ಸಿ...’”

“ಎರಡರಲ್ಲಿ ಒಂದು ಸಾಕು. ಪುನರುಕ್ತಿ ಆಗತ್ತೆ.”

“ಅವನ ಪರ ಯಾಕೆ ಅಷ್ಟು ಮಾತಾಡ್ತಿದ್ದೀರಿ? ಅವನೇನು ನಿಮ್ಮ ಚಿಕ್ಕಪ್ಪನ ಮಗನಾ?”

ಅದಕ್ಕಿಂತ ಹತ್ತಿರದ ಸಂಬಂಧ ಎಂದು ಕರಡಪ್ಪ ಮನಸ್ಸಿನಲ್ಲೇ ಅಂದುಕೊಂಡ. ಆಗಲೇ ಬಾಯಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಡತಿ ನಡುಮನೆಯಲ್ಲಿ ಮೂರು ಹೆಜ್ಜೆಗೆ ಒಂದು ಸಲ ತಿರುಗುತ್ತಿರುವಾಗ ಸತ್ಯ ಹೇಳುವ ಧೈರ್ಯ ಯಾವ ಗಂಡನಿಗೆ ತಾನೇ ಬಂದೀತು?

ಮಾರನೆಯ ದಿನ ಲೈಸೆನ್ಸ್ ಕಚೇರಿ ತೆರೆಯುವ ಮುಂಚೆಯೇ ಇಬ್ಬರೂ ಬಾಗಿಲಲ್ಲಿದ್ದರು. ಮೂರನೆಯ ಕಿಟಕಿಯ ಮೇಲೆ ‘ತಿದ್ದುಪಡಿ’ ಎಂಬ ಹಲಗೆ. ಬೇರೆ ದಿನವಾಗಿದ್ದರೆ ಆ ಪದ ಕಂಡು ಕರಡಪ್ಪನಿಗೆ ತವರಿಗೆ ಬಂದ ಹಾಗೆ ಆಗುತ್ತಿತ್ತು. ಅಂದು ಅವನು ಹೆಂಡತಿಯ ಬೆನ್ನ ಮರೆಗೆ ಸರಿದ. ಹಿಂದೆ ಹತ್ತು ಹನ್ನೆರಡು ಜನರ ಸಾಲು ಬೆಳೆದಿತ್ತು. ಕಿಟಕಿಯೊಳಗಿದ್ದ ಹೆಂಗಸು ಎರಡೂ ಲೈಸೆನ್ಸು ನೋಡಿದಳು, ಇಬ್ಬರನ್ನೂ ನೋಡಿದಳು. ಕುತ್ತಿಗೆ ಮೇಲೆ ಹೋಗಿ ಕೆಳಗೆ ಬಂತು.

“ತಪ್ಪು ಕಚೇರಿಯದಾ, ಅರ್ಜಿದಾರರದಾ?”

“ಕಚೇರಿಯದೇ!” ಉದ್ದಕ್ಕನ ದನಿ ಹಿಂದಿನ ಬಾಗಿಲಿನವರೆಗೂ ಕೇಳಿಸಿತು. “ನಾವು ನಮ್ಮನ್ನೇ ಅದಲುಬದಲು ಮಾಡ್ಕೊಳ್ಳೋಕೆ ನಮಗೇನು ಹುಚ್ಚಾ?”

“ಕಚೇರಿಯದಾದ್ರೆ ವಿಚಾರಣೆ ಆಗ್ಬೇಕಮ್ಮ. ಹಳೇ ಕಡತ ತೆಗೀಬೇಕು. ಅವತ್ತು ಪರಿಶೀಲನೆ ಮಾಡಿದವರ ಹೇಳಿಕೆ ತಗೋಬೇಕು. ವರದಿ ಮೇಲಕ್ಕೆ ಹೋಗಬೇಕು, ಕೆಳಕ್ಕೆ ಬರಬೇಕು. ನಾಲ್ಕು ತಿಂಗಳು.”

“ನಾಲ್ಕು ತಿಂಗಳಾ? ನನಗೆ ಸೋಮವಾರ ಬೇಕು!”

ಆ ಹೆಂಗಸು ಒಬ್ಬನನ್ನು ಕಡತದ ಕೋಣೆಗೆ ಅಟ್ಟಿ, ಲೈಸೆನ್ಸಿನ ಹಿಂಬದಿಯ ಸಹಿ ನೋಡಿ, ಪಕ್ಕದ ಮೇಜಿನ ಕಡೆ ತಿರುಗಿದಳು. “ಸಾರ್, ಸ್ವಲ್ಪ ಬರ್ತೀರಾ? ಇದು ನಿಮ್ಮ ಸಹಿ ಅಲ್ವಾ?”

ಎದ್ದು ಬಂದವರು ಒಬ್ಬ ಹಿರಿಯ ಗುಮಾಸ್ತರು. ತೆಳ್ಳಗಿನ ದೇಹ, ದಾರ ಕಟ್ಟಿದ ಕನ್ನಡಕ, ತೋಳಿಗೆ ಶಾಯಿ ತಾಗದಿರಲೆಂದು ಮೊಣಕೈವರೆಗೆ ಮಡಿಸಿದ ಅಂಗಿ. ಉದ್ದಕ್ಕ ಬ್ಯಾಗಿನಿಂದ ದೂರನ್ನು ತೆಗೆದು ಸಿದ್ಧವಾಗಿ ನಿಂತಳು. ಅವರು ಎರಡೂ ಲೈಸೆನ್ಸನ್ನು ಕಣ್ಣಿನ ಹತ್ತಿರ ತಂದು ನಿಧಾನವಾಗಿ ಓದಿದರು. ವಾದ ಮಾಡಲಿಲ್ಲ, ಗದರಲಿಲ್ಲ.

“ನನ್ನದೇ ಸಹಿ,” ಎಂದರು. “ಇಬ್ಬರೂ ಎದುರಿಗೇ ನಿಂತಿದ್ದಿರಬೇಕು. ನಾನು ತಲೆ ಎತ್ತಿ ನೋಡಬೇಕಾಗಿತ್ತು. ನೋಡಿಲ್ಲ. ನನ್ನ ತಪ್ಪೇ ತಾಯಿ.” ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. “ಮೂವತ್ತೈದು ವರ್ಷದಲ್ಲಿ ನನ್ನ ಹೆಸರಿನ ಮುಂದೆ ಒಂದೂ ತಪ್ಪು ಬಂದಿರಲಿಲ್ಲ. ನಿವೃತ್ತಿಗೆ ಇನ್ನು ಮೂರೇ ವಾರ ಇತ್ತು.”

“ವಿಚಾರಣೆ ಮುಗಿಯೋವರೆಗೂ ಇವರನ್ನ ಬಿಡುಗಡೆ ಮಾಡೋ ಹಾಗಿಲ್ಲ,” ಎಂದಳು ಕಿಟಕಿಯ ಹೆಂಗಸು, ದನಿ ತಗ್ಗಿಸಿ.

ಉದ್ದಕ್ಕ ಕೈಯಲ್ಲಿದ್ದ ದೂರನ್ನು ಒಮ್ಮೆ ನೋಡಿದಳು. ಮೆಲ್ಲಗೆ ಮಡಿಸಿ ಬ್ಯಾಗಿನೊಳಗೆ ಹಾಕಿಕೊಂಡಳು.

ಕರಡಪ್ಪ ಮಾತ್ರ ಆ ಮುದುಕರ ಬೆರಳುಗಳನ್ನೇ ನೋಡುತ್ತಿದ್ದ. ಅವನ ಬೆರಳಿಗೂ ಅದೇ ಜಾಗದಲ್ಲಿ ಶಾಯಿಯ ಕಲೆ. ಮೂವತ್ತೈದು ವರ್ಷ ಒಂದೂ ತಪ್ಪಿಲ್ಲ ಎನ್ನುವುದರ ಬೆಲೆ ಆ ಸಾಲಿನಲ್ಲಿ ನಿಂತವರ ಪೈಕಿ ಅವನಿಗೆ ತಿಳಿದಷ್ಟು ಇನ್ಯಾರಿಗೂ ತಿಳಿಯುವಂತಿರಲಿಲ್ಲ. ಅವನು ಕಿಟಕಿಯ ಹತ್ತಿರಕ್ಕೆ ಸರಿದ.

“ಅದು ನಾನು.”

“ಏನು ನಾನು?” ಎಂದಳು ಉದ್ದಕ್ಕ.

“ಅವಿವೇಕಿ. ದೂರಿನಲ್ಲಿರೋ ಅವಿವೇಕಿ ನಾನೇ. ಇವರಲ್ಲ.”

ಕಿಟಕಿಯ ಹೆಂಗಸು ಪೆನ್ನು ಕೆಳಗಿಟ್ಟಳು. ಕರಡಪ್ಪ ಚೀಟಿ, ಗುಂಡುಸೂಜಿ ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಐದು ಅಡಿ ಮೂರು ಇದ್ದವನು ನಾಲ್ಕೂವರೆಗೆ ಇಳಿದ ಹಾಗೆ ಕಂಡ.

“ಬೇಕೂ ಅಂತ ಮಾಡಿದ್ರಾ?”

“ಬೇಕೂ ಅಂತಲೇ.”

“ಯಾಕೆ?”

ಕರಡಪ್ಪ ಏನೋ ಗೊಣಗಿದ. ಸಾಲಿನ ಕೊನೆಯಿಂದ ಯಾರೋ, “ಜೋರಾಗಿ ಹೇಳಿ ಸ್ವಾಮಿ, ಇಲ್ಲಿಗೆ ಕೇಳಿಸ್ತಿಲ್ಲ,” ಎಂದರು.

“ಎತ್ತರ ನನ್ನ ಹೆಸರಿಗೆ ಚೆನ್ನಾಗಿ ಒಪ್ಪಿತ್ತು!” ಎಂದ ಕರಡಪ್ಪ, ಜೋರಾಗಿಯೇ.

ಅದೇ ಹೊತ್ತಿಗೆ ಕಡತದ ಕೋಣೆಗೆ ಹೋಗಿದ್ದವನು ತಲೆತುಂಬ ಧೂಳು ಹೊತ್ತು ತಿರುಗಿ ಬಂದ. “ಮೇಡಂ, ಆ ವರ್ಷದ ಕಡತ ಒಂದೂ ಇಲ್ಲ. ಎಲ್ಲಾ ಗೆದ್ದಲು ತಿಂದು ಹಾಕಿದೆ. ಗುಂಡುಸೂಜಿ ಮಾತ್ರ ಉಳಿದಿವೆ.”

ಅಂದರೆ, ಇನ್ನು ಅರ್ಧ ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಈ ಭೂಮಿಯ ಮೇಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ! ಹದಿನೆಂಟು ವರ್ಷ ತನಗಾಗಿ ದುಡಿದ ಆ ಗೆದ್ದಲುಗಳನ್ನು ನೆನೆದು ಕರಡಪ್ಪನಿಗೆ ಅಳು ಬರುವುದೊಂದು ಬಾಕಿ. ಹೆಂಡತಿಯ ಮುಖ ನೋಡಲು ಧೈರ್ಯವಾಗಲಿಲ್ಲ. ನೋಡಬೇಕಾದರೆ ತಲೆ ಎತ್ತಲೇಬೇಕಿತ್ತು.

ಅಷ್ಟರಲ್ಲಿ ಕಿಟಕಿಯ ಹೆಂಗಸು ಬೇರೊಂದು ಕಾಗದ ಎಳೆದಳು. “ಅರ್ಜಿದಾರರದೇ ತಪ್ಪು ಅಂದ್ರೆ ವಿಚಾರಣೆ ಗಿಚಾರಣೆ ಏನೂ ಇಲ್ಲ. ಇದರಲ್ಲಿ ಒಪ್ಕೊಂಡು ಸಹಿ ಹಾಕಿ. ಅಳತೆ ತಗೊಂಡ್ರೆ ಮಧ್ಯಾಹ್ನದೊಳಗೆ ಹೊಸ ಲೈಸೆನ್ಸ್ ಕೊಡ್ತೀವಿ.”

“ಇವತ್ತೇ?” ಎಂದರು ಮೂವರೂ ಒಟ್ಟಿಗೆ. ಮೂರನೆಯ ದನಿ ಹಿರಿಯ ಗುಮಾಸ್ತರದು. ಅವರು ಅಲ್ಲೇ ಇದ್ದ ಬೆಂಚಿನ ಮೇಲೆ ಕುಳಿತು, ಬಹಳ ಹೊತ್ತು ಹಿಡಿದಿಟ್ಟ ಉಸಿರನ್ನು ಬಿಟ್ಟರು. ಕರಡಪ್ಪನೂ ಬಿಟ್ಟ. ಹಿಂದೆ ನಿಂತ ಸಾಲೂ ಬಿಟ್ಟಿತು. ಅವರಿಗೂ ಮಧ್ಯಾಹ್ನದೊಳಗೆ ಮನೆ ಸೇರಬೇಕಿತ್ತು.

ಗೋಡೆಗೆ ಒರಗಿಸಿದ ಅಳತೆಯ ಕಂಬಕ್ಕೆ ಉದ್ದಕ್ಕ ಬೆನ್ನು ಕೊಟ್ಟು ನಿಂತಳು. “ಐದು ಒಂಬತ್ತು. ಸರಿಯಾಗಿದೆ.” ಆಮೇಲೆ ಕರಡಪ್ಪ. ಮರದ ಪಟ್ಟಿ ಕೆಳಗೆ, ಇನ್ನೂ ಕೆಳಗೆ ಬಂದು ತಲೆಗೆ ತಗುಲಿತು.

“ಐದು ಅಡಿ ಎರಡೂವರೆ.”

“ಮೂರು ಅಲ್ವಾ? ಇನ್ನೊಂದು ಸಲ ನೋಡಿ.”

“ಎರಡೂವರೆ.”

ಹಿರಿಯ ಗುಮಾಸ್ತರ ಮನಸ್ಸು ಆಗ ಬೆಣ್ಣೆಯಾಗಿತ್ತು. “ಮೂರು ಅಂತ ಬರೆದುಬಿಡ್ಲಾ? ಕೂದಲು ಸೇರಿಸಿದ್ರೆ...”

“ಇರೋದನ್ನ ಬರೀರಿ,” ಎಂದಳು ಉದ್ದಕ್ಕ. ಗಂಡ ಬಾಯಿಬಿಟ್ಟ ಮೇಲೆ ಆಕೆ ಆಡಿದ ಮೊದಲ ಮಾತು ಅದು. ಅವನ ಕಡೆ ನೋಡಿ ಆಡಲಿಲ್ಲ.

ಹಿರಿಯರು ತಾವೇ ಯಂತ್ರದ ಮುಂದೆ ಕುಳಿತು ಎರಡು ಲೈಸೆನ್ಸನ್ನೂ ಅಚ್ಚು ಹಾಕಿದರು. ಉದ್ದಕ್ಕನದು ಮೊದಲು ಬಂತು. ಆಕೆ ಅದನ್ನು ಎರಡು ಸಲ ಓದಿ, ಸ್ಕೂಟರು ತೆಗೆಯಲು ಹೊರಟಳು. ಕರಡಪ್ಪನದನ್ನು ಹಿರಿಯರು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅಭ್ಯಾಸಬಲ, ಕರಡಪ್ಪನ ಕಣ್ಣು ಮೊದಲ ಸಾಲಿನಿಂದ ಓಡಿತು. ಹೆಸರು ಸರಿ. ವಿಳಾಸ ಸರಿ. ಎತ್ತರ, ಅಯ್ಯೋ, ಅದೂ ಸರಿ. ಗುರುತು: ‘ಎಡ ಹುಬ್ಬಿನ ಮೇಲೆ ಗಾಯನ ಕಲೆ.’

ಗಾಯದ ಅಲ್ಲ, ಗಾಯನ. ‘ದ’ ಇರಬೇಕಾದ ಕಡೆ ‘ನ’. ಕೈ ತಾನಾಗಿಯೇ ಜೇಬಿನ ಕೆಂಪು ಪೆನ್ನಿಗೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಇದು ಅರ್ಜಿದಾರರ ತಪ್ಪಲ್ಲ. ಇದು ಶುದ್ಧ ಕಚೇರಿಯ ತಪ್ಪು. ವಿಚಾರಣೆ, ಹೇಳಿಕೆ, ಮೇಲಕ್ಕೆ ಹೋಗುವ ವರದಿ. ನಾಲ್ಕು ತಿಂಗಳು.

“ಎಲ್ಲಾ ಸರಿ ಇದೆಯಾ?” ಹಿರಿಯರು ಕನ್ನಡಕದ ಮೇಲಿಂದ ಅವನನ್ನು ನೋಡಿ ನಗುತ್ತಿದ್ದರು.

“ಎಲ್ಲಾ ಸರಿ ಇದೆ ಸಾರ್,” ಎಂದ ಕರಡಪ್ಪ. ಇಪ್ಪತ್ತೆರಡು ವರ್ಷದ ವೃತ್ತಿಯಲ್ಲಿ ಅವನು ಕಣ್ಣಾರೆ ಕಂಡೂ ದಾಟಿಸಿದ ಮೊದಲ ಅಚ್ಚಿನ ತಪ್ಪು ಅದು. ಪರ್ಸಿನೊಳಗೆ ಹಾಕಿಕೊಂಡು ಹೊರಗೆ ಬಂದ.

ಕೆಲಸ ಉಳಿಯಿತು, ಗುಮಾಸ್ತರು ಉಳಿದರು. ಸಂಸಾರ ಮಾತ್ರ ಸ್ವಲ್ಪ ಕಷ್ಟದಲ್ಲಿತ್ತು. ಶುಕ್ರವಾರ ಸಂಜೆಯಿಂದ ಉದ್ದಕ್ಕ ಗಂಡನ ಜೊತೆ ಮಗಳ ಮೂಲಕವೇ ಮಾತಾಡಿದಳು. “ನಿಮ್ಮಪ್ಪನಿಗೆ ಹೇಳು, ಕಾಫಿ ಆರ್ತಾ ಇದೆ.” “ಐದು ಒಂಬತ್ತರ ಯಜಮಾನರಿಗೆ ಹೇಳು, ಮೇಲಿನ ಡಬ್ಬ ಅವರೇ ತಗೊಳ್ಳಲಿ, ಕೈಗೆಟುಕತ್ತಲ್ಲ.” ಮಗಳು ಎರಡು ಅಡಿ ದೂರದಲ್ಲಿ ಕುಳಿತ ಅಪ್ಪನಿಗೆ ಅಕ್ಷರ ಬಿಡದೆ ವರದಿ ಒಪ್ಪಿಸುತ್ತಿದ್ದಳು. ಭಾನುವಾರ ಮಧ್ಯಾಹ್ನ ಅವಳೂ ಬೇಸತ್ತು ಗೆಳತಿಯ ಮನೆಗೆ ಹೋದಳು. ಒಗೆದ ಬಟ್ಟೆ ಮಡಿಸುತ್ತ ಕುಳಿತಿದ್ದ ಉದ್ದಕ್ಕನಿಗೆ ಈಗ ನೇರವಾಗಿ ಮಾತಾಡದೆ ವಿಧಿಯಿರಲಿಲ್ಲ.

“ನನ್ನ ಪಕ್ಕ ನಿಲ್ಲೋಕೆ ಅಷ್ಟು ನಾಚಿಕೆ ಆಗ್ತಿತ್ತಾ?”

“ಛೆ, ನಿನ್ನ ಬಗ್ಗೆ ಅಲ್ಲ ಕಣೇ...”

“ಮತ್ತೆ ಯಾರ ಬಗ್ಗೆ? ಹೋಗಲಿ ಬಿಡಿ. ನಮ್ಮ ಫೋಟೋಗಳನ್ನ ಯಾವತ್ತಾದ್ರೂ ಸರಿಯಾಗಿ ನೋಡಿದ್ದೀರಾ? ಎಲ್ಲಾದ್ರಲ್ಲೂ ನೀವು ನನ್ನ ಸಮಕ್ಕೇ ಇದ್ದೀರಿ. ಹೇಗೆ ಅಂತ ಯೋಚನೆ ಮಾಡಿದ್ದೀರಾ?”

ಕರಡಪ್ಪ ಆಲ್ಬಮ್ ತೆಗೆದ. ಫೋಟೋಗ್ರಾಫರು ಜಾಣರು ಎಂದೇ ಇಷ್ಟು ದಿನ ಅವನ ಭಾವನೆ. ಈಗ ಅಕ್ಷರ ಓದುವ ಹಾಗೆ ಒಂದೊಂದನ್ನೇ ಓದಿದ. ಮದುವೆಯದರಲ್ಲಿ ಆಕೆ ಒಂದು ಮೊಣಕಾಲು ಮಡಿಸಿದ್ದಳು. ಮಗುವನ್ನು ಎತ್ತಿಕೊಂಡದ್ದರಲ್ಲಿ ಬೆನ್ನು ಬಗ್ಗಿಸಿದ್ದಳು. ಸಮುದ್ರದ ದಂಡೆಯದರಲ್ಲಿ ಆಕೆ ನಿಂತದ್ದು ಹಳ್ಳದಲ್ಲಿ, ಅವನನ್ನು ನಿಲ್ಲಿಸಿದ್ದು ದಿಬ್ಬದ ಮೇಲೆ. ಹದಿನೆಂಟು ವರ್ಷದ ಬೆನ್ನುನೋವಿಗೆ ತಾನು ತಂದುಕೊಟ್ಟ ಮುಲಾಮಿನ ಡಬ್ಬಗಳು ಒಂದೊಂದಾಗಿ ಅವನ ಕಣ್ಣಮುಂದೆ ಬಂದವು. ಅವನು ಜೇಬಿನಲ್ಲಿ ಅವಳ ಎತ್ತರ ಇಟ್ಟುಕೊಂಡು ಓಡಾಡುತ್ತಿದ್ದಾಗ ಅವಳು ಅವನದನ್ನು ಬೆನ್ನ ಮೇಲೆ ಹೊತ್ತಿದ್ದಳು.

ಆಲ್ಬಮ್ ಮುಚ್ಚಿ, “ನಾಳೆ ಶಾಲೆಯಲ್ಲಿ ನೆಟ್ಟಗೆ ನಿಂತ್ಕೋ,” ಎಂದ. “ನಾನು ಪಕ್ಕದಲ್ಲಿದ್ರೂ.”

ಉದ್ದಕ್ಕ ಚಾದರದ ಇನ್ನೊಂದು ತುದಿಯನ್ನು ಹಿಡಿಯಲು ಅವನಿಗೆ ಕೊಟ್ಟಳು.

ಸೋಮವಾರ ಏಳಕ್ಕೆ ಐದು ನಿಮಿಷವಿರುವಾಗ ಇಬ್ಬರೂ ಮ್ಯಾನೇಜರ್ ಮೇಡಂ ಮುಂದೆ ನಿಂತಿದ್ದರು. ಹೊರಗೆ ಹಳದಿ ಬಸ್ಸು. ಶಾಲೆಯ ಹತ್ತಿರವೇ ಮನೆಯಿದ್ದ ಏಳೆಂಟು ಮಕ್ಕಳು ಒಂದು ಸುತ್ತಿನ ಆಸೆಗೆ ಆಗಲೇ ಹತ್ತಿ ಕುಳಿತಿದ್ದರು. ಮೇಡಂ ಉದ್ದಕ್ಕನ ಲೈಸೆನ್ಸ್ ಓದಿದರು, ತಲೆಯೆತ್ತಿದರು, ಇನ್ನೂ ಎತ್ತಿದರು. ಕಿವಿಯ ಕೆಳಗಿನ ಮಚ್ಚೆ ನೋಡಿದರು. “ಇದು ನೀವು,” ಎಂದರು. ಉದ್ದಕ್ಕ ನೆಟ್ಟಗೆ ನಿಂತಿದ್ದಳು.

“ತುರ್ತಿಗೆ ಬೇಕಾಗತ್ತೆ, ಮನೆಯವರದೂ ಒಂದು ಗುರುತಿನ ಚೀಟಿ ನೋಡಿ ಬರ್ಕೋತೀನಿ. ಸಾರ್, ನಿಮ್ಮದು ಕೊಡಿ.”

ಕರಡಪ್ಪ ಪರ್ಸನ್ನು ನಿಧಾನವಾಗಿ ಹೊರತೆಗೆದ. ಕೊಡದೆ ದಾರಿಯಿರಲಿಲ್ಲ. ಮೇಡಂ ಅಕ್ಷರ ಅಕ್ಷರ ಓದುವವರು. ಓದುತ್ತ ಹೋದವರು ಒಂದು ಕಡೆ ನಿಂತರು. ಅವನ ಎಡ ಹುಬ್ಬನ್ನೇ ದಿಟ್ಟಿಸಿದರು.

“‘ಗಾಯನ ಕಲೆ?’”

ಉದ್ದಕ್ಕ ಬಗ್ಗಿ ಓದಿದಳು. ಆಕೆ ಅದನ್ನು ನೋಡಿದ್ದು ಅದೇ ಮೊದಲು.

“ಇದು ತಪ್ಪಲ್ವಾ?” ಎಂದರು ಮೇಡಂ. “ತಿದ್ದಿಸಲೇಬೇಕು.”

“ತಿದ್ದಿಸ್ತೀನಿ ಮೇಡಂ. ಮೂರು ವಾರ ಬಿಟ್ಟು.”

“ಈಗಲೇ ಯಾಕಾಗಲ್ಲ?”

ಕರಡಪ್ಪ ನೆಲ ನೋಡಿದ. ಉದ್ದಕ್ಕ ಗಂಡನನ್ನು ನೋಡಿದಳು. ಮೂರು ವಾರ ಎಂದರೆ ಏನೆಂದು ಆಕೆಗೆ ಹೊಳೆಯಲು ಮೂರು ಕ್ಷಣವೂ ಬೇಕಾಗಲಿಲ್ಲ. ತುಟಿ ಕಚ್ಚಿ ಹಿಡಿದಳು.

“ಆಯ್ತು. ಅಲ್ಲೀವರೆಗೂ ಪೊಲೀಸಿನವರು ಹಿಡಿದು, ಎಲ್ಲಿ, ಹಾಡಿ ನೋಡೋಣ ಅಂದ್ರೆ?” ಮೇಡಂ ಮುಖದಲ್ಲಿ ನಗುವಿನ ಲಕ್ಷಣ ಒಂದಿಷ್ಟೂ ಇರಲಿಲ್ಲ.

“ಅಯ್ಯೋ, ಅದೊಂದು ಬೇಡ ಮೇಡಂ!” ಎಂದಳು ಉದ್ದಕ್ಕ. “ಹುಬ್ಬಿನ ಮೇಲಿದ್ರೆ ಇದ್ದುಕೊಳ್ಳಲಿ. ಬಾಯಿಗೆ ಮಾತ್ರ ಇಳಿಯೋದು ಬೇಡ. ಮಕ್ಕಳಿರೋ ಜಾಗ.”

ಮೊದಲು ನಕ್ಕವರು ಮೇಡಂ. ಆಮೇಲೆ ಉದ್ದಕ್ಕ ನಕ್ಕಳು, ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. ಮೂರು ದಿನದಿಂದ ಮನೆಯೊಳಗೆ ಗಟ್ಟಿಯಾಗಿದ್ದುದೆಲ್ಲ ಆ ನಗುವಿನಲ್ಲಿ ಕರಗಿ ಹೋದದ್ದು ಕರಡಪ್ಪನಿಗೆ ಕಿವಿಯಲ್ಲೇ ಗೊತ್ತಾಯಿತು. ಮೇಡಂ ಬಸ್ಸಿನ ಕೀಲಿಯನ್ನು ಉದ್ದಕ್ಕನ ಕೈಗೆ ಹಾಕಿದರು.

ಆಕೆ ಸೀಟನ್ನು ಹಿಂದಕ್ಕೆ ಸರಿಸಿಕೊಂಡು ಕುಳಿತು, ಕಿಟಕಿಯಿಂದ ಕೂಗಿದಳು. “ರೀ! ನಿಂತು ನೋಡ್ತೀರೇನು? ಹತ್ತಿ. ಪ್ರೆಸ್ಸು ದಾರಿಯಲ್ಲೇ ಇದೆ, ಇಳಿಸಿ ಹೋಗ್ತೀನಿ. ಮೇಡಂ ಹ್ಞೂಂ ಅಂದಿದ್ದಾರೆ.”

ರೀ ಎಂದು ಕರೆದು ಮೂರು ದಿನವಾಗಿತ್ತು. ಕರಡಪ್ಪ ಒಂದೇ ನೆಗೆತಕ್ಕೆ ಹತ್ತಿದ. ಹಿಂದಿನ ಸಾಲಿನಲ್ಲಿ ಒಂದು ಪುಟ್ಟ ಸೀಟು ಖಾಲಿ ಇತ್ತು. ಕುಳಿತರೆ, ಏನಾಶ್ಚರ್ಯ, ಎರಡೂ ಪಾದ ನೆಲಕ್ಕೆ ಸರಿಯಾಗಿ ಊರಿದವು. ಮನಸ್ಸು ಹತ್ತಿಯ ಹಾಗೆ ಹಗುರವಾಗಿತ್ತು. ಬಸ್ಸು ಹೊರಟಿತು. ಪಕ್ಕದಲ್ಲಿ ಕುಳಿತಿದ್ದ ನಾಲ್ಕು ವರ್ಷದ ಹುಡುಗಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. (ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.) ಮೀಸೆ ಅವಳಿಗೆ ದೊಡ್ಡ ವಿಷಯವೆನಿಸಲಿಲ್ಲ.

“ನೀನು ಯಾವ ಕ್ಲಾಸು?” ಎಂದು ಕೇಳಿದಳು.

ಕರಡಪ್ಪ ಕನ್ನಡಿಯಲ್ಲಿ ಕಾಣುತ್ತಿದ್ದ ಹೆಂಡತಿಯ ಕಣ್ಣುಗಳನ್ನು ನೋಡಿದ. ಅವು ರಸ್ತೆಯ ಮೇಲಿದ್ದವು, ಆದರೆ ಕಿವಿ ಇಲ್ಲೇ ಇತ್ತು.

“ಇನ್ನೂ ಹೇಳಿಲ್ಲಮ್ಮ,” ಎಂದ. “ಇವತ್ತೇ ಸೇರ್ಕೊಂಡಿದ್ದು.”